ಉಗ್ರಾಣ ಮುಚ್ಚಿದ ಮೇಲೆ ಹಳೇ ಲಿನಕ್ಸ್ ಕಂಪ್ಯೂಟರನ್ನು ಉಳಿಸಿಕೊಳ್ಳುವುದು ಹೇಗೆ?



ನಿಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿ ಒಂದೆರಡು ಹಳೇ ಕಂಪ್ಯೂಟರುಗಳು ಇರಬಹುದು. ಗುಂಡಿ ಒತ್ತಿದರೆ ಆನ್ ಆಗುತ್ತವೆ. ಕನ್ನಡ ಟೈಪ್ ಮಾಡಬಹುದು, ಚಿತ್ರ ಬಿಡಿಸಬಹುದು. ಆದರೆ ಹೊಸದೊಂದು ಪ್ರೋಗ್ರಾಂ ಹಾಕಲು ಹೋದರೆ ಪರದೆಯ ಮೇಲೆ ಒಂದೇ ಉತ್ತರ: "404, ಸಿಗಲಿಲ್ಲ". ಆಗ ಯಾರಾದರೊಬ್ಬರು "ಇದು ಹಾಳಾಯ್ತು, ಗುಜರಿಗೆ ಹಾಕಿ" ಅಂದುಬಿಡುತ್ತಾರೆ.

ನಿಜವಾಗಿ ಹಾಳಾಗಿದೆಯೇ? ಹೆಚ್ಚಿನ ಸಲ ಇಲ್ಲ. ಆ ಕಂಪ್ಯೂಟರ್ ಒಂದು ಹಳೇ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟುತ್ತಾ ಇರುತ್ತದೆ, ಅಲ್ಲಿ ಈಗ ಯಾರೂ ಇಲ್ಲ, ಅಷ್ಟೆ. ಇಲ್ಲಿ ನಾವು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಒಂದು, ಇದಕ್ಕೆ ಬೇಕಾದ ಪ್ರೋಗ್ರಾಂಗಳು ಇನ್ನೂ ಸಿಗುತ್ತವೆಯೇ? ಎರಡು, ಇದನ್ನು ಇಂಟರ್ನೆಟ್ಟಿಗೆ ಜೋಡಿಸುವುದು ಸುರಕ್ಷಿತವೇ? ಮೊದಲನೆಯದಕ್ಕೆ ಉತ್ತರ ಸಾಮಾನ್ಯವಾಗಿ "ಹೌದು". ಎರಡನೆಯದಕ್ಕೆ "ಅಲ್ಲ". ಈ ಎರಡನ್ನೂ ಒಂದೇ ಅಂತ ತಿಳಿದವರು ಒಳ್ಳೆಯ ಕಂಪ್ಯೂಟರನ್ನು ಎಸೆಯುತ್ತಾರೆ, ಇಲ್ಲವೇ ಅಪಾಯದ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಒತ್ತುತ್ತಾರೆ.

ಲಿನಕ್ಸಿನ ಉಗ್ರಾಣ

ಮದುವೆ ಮನೆಯ ಉಗ್ರಾಣ ನೋಡಿದ್ದೀರಲ್ಲ? ಅಡುಗೆಯವರು "ಪಾಯಸಕ್ಕೆ ಸಾಮಾನು ಕೊಡಿ" ಅಂದರೆ, ಉಗ್ರಾಣದವರು ಬೆಲ್ಲ ಮಾತ್ರ ಕೊಟ್ಟು ಕಳಿಸುವುದಿಲ್ಲ. ತೆಂಗಿನಕಾಯಿ, ಏಲಕ್ಕಿ, ದ್ರಾಕ್ಷಿ, ಗೇರುಬೀಜ ಎಲ್ಲವನ್ನೂ ಸೇರಿಸಿ ಕೊಡುತ್ತಾರೆ. ಲಿನಕ್ಸಿನಲ್ಲಿ ಪ್ರೋಗ್ರಾಂಗಳು ಬರುವುದೂ ಹೀಗೆಯೇ. ಸಾವಿರಾರು ಪ್ರೋಗ್ರಾಂಗಳನ್ನು ಕಟ್ಟು ಕಟ್ಟಿ ಇಟ್ಟ ಜಾಗಕ್ಕೆ ರೆಪಾಸಿಟರಿ ಅನ್ನುತ್ತಾರೆ. ನಾವು ಇಲ್ಲಿ ಉಗ್ರಾಣ ಅನ್ನೋಣ. ಒಂದೊಂದು ಕಟ್ಟು ಒಂದು ಪ್ಯಾಕೇಜ್. ನೀವು ಮೂಲಧಾತುಗಳ ಆವರ್ತಕ ಕೋಷ್ಟಕ ತೋರಿಸುವ 'ಕಾಲ್ಜಿಯಂ' ಬೇಕು ಅಂದರೆ, ಅದು ನಡೆಯಲು ಬೇಕಾದ ಉಳಿದ ಹತ್ತಾರು ಕಟ್ಟುಗಳೂ ಜೊತೆಗೇ ಬರುತ್ತವೆ. ಈ ಲೆಕ್ಕ ನೋಡಿಕೊಳ್ಳುವ ಉಗ್ರಾಣದವನ ಹೆಸರು 'ಆಪ್ಟ್'.

ಉದಾಹರಣೆಗೆ ಡೆಬಿಯನ್ ಎಂಬ ಲಿನಕ್ಸನ್ನು ತೆಗೆದುಕೊಳ್ಳೋಣ. 1993ರಲ್ಲಿ ಶುರುವಾದ ಇದನ್ನು ಇಂದಿಗೂ ಪ್ರಪಂಚದಾದ್ಯಂತ ಇರುವ ಸ್ವಯಂಸೇವಕರು ನಡೆಸುತ್ತಾರೆ. ಇದರ ಆವೃತ್ತಿಗಳಿಗೆ 'ಟಾಯ್ ಸ್ಟೋರಿ' ಸಿನಿಮಾದ ಪಾತ್ರಗಳ ಹೆಸರು. 2019ರ ಜುಲೈ 6ರಂದು ಬಂದ ಡೆಬಿಯನ್ 10ಕ್ಕೆ 'ಬಸ್ಟರ್' ಅಂತ ಹೆಸರು, ಆ ಸಿನಿಮಾದ ನಾಯಿಯದ್ದು. 'ಎಲ್‌ಎಕ್ಸ್‌ಡಿಇ' ಎಂಬ ಹಗುರ ಡೆಸ್ಕ್‌ಟಾಪ್ ಜೊತೆ ಅದು 1 ಜಿಬಿ ಮೆಮೊರಿಯ ಹಳೇ 32 ಬಿಟ್ ಕಂಪ್ಯೂಟರಿನಲ್ಲೂ ಓಡುತ್ತದೆ.

ಕಾಸರಗೋಡು ಕಡೆಯ ನಮ್ಮ ಮಕ್ಕಳು ಶಾಲೆಯಲ್ಲಿ ಬಳಸುವುದು ಕೇರಳದ 'ಕೈಟ್' ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್. ಅದನ್ನು ಉಬುಂಟುವಿನ ಮೇಲೆ ಕಟ್ಟಲಾಗಿದೆ, ಉಬುಂಟುವನ್ನು ಡೆಬಿಯನ್ ಮೇಲೆ ಕಟ್ಟಲಾಗಿದೆ. ಹಾಗಾಗಿ ಅದರೊಳಗೂ ಇದೇ ಆಪ್ಟ್, ಇದೇ ಬಗೆಯ ಉಗ್ರಾಣ.

ಉಗ್ರಾಣವನ್ನು ಮುಚ್ಚುವುದು ಯಾಕೆ?

ಒಂದು ಪ್ರೋಗ್ರಾಂನಲ್ಲಿ ಕಳ್ಳದಾರಿಯೊಂದು ಕಂಡುಬಂತು ಅಂತ ಇಟ್ಟುಕೊಳ್ಳಿ. ಅದನ್ನು ಮುಚ್ಚುವ ತೇಪೆಯನ್ನು ಪ್ರತಿಯೊಂದು ಆವೃತ್ತಿಗೂ ಬೇರೆ ಬೇರೆಯಾಗಿ ಹೊಲಿಯಬೇಕು, ಪರೀಕ್ಷಿಸಬೇಕು. ಹತ್ತು ಹಳೇ ಆವೃತ್ತಿ ಇದ್ದರೆ ಹತ್ತು ಪಟ್ಟು ಕೆಲಸ. ಅದಕ್ಕೇ ಒಂದು ಅವಧಿ ಹಾಕಿಕೊಳ್ಳುತ್ತಾರೆ. ಡೆಬಿಯನ್ ಆವೃತ್ತಿಯೊಂದಕ್ಕೆ ಸುಮಾರು 3 ವರ್ಷ ಮುಖ್ಯ ತಂಡದ ಆರೈಕೆ, ಆಮೇಲೆ ಇನ್ನೊಂದು 2 ವರ್ಷ ದೀರ್ಘಾವಧಿ ತಂಡದ ಆರೈಕೆ. ಬಸ್ಟರ್‌ಗೆ ಈ ಅವಧಿ 2024ರ ಜೂನ್ 30ಕ್ಕೆ ಮುಗಿಯಿತು.

ಇನ್ನೊಂದು ಕಾರಣ ಜಾಗ. ಮುಖ್ಯ ಉಗ್ರಾಣದ ನಕಲುಗಳು ಹಲವು ದೇಶಗಳ ಕಂಪ್ಯೂಟರುಗಳಲ್ಲಿ ಇರುತ್ತವೆ. ಅವುಗಳಿಗೆ ಮಿರರ್, ಅಂದರೆ ಕನ್ನಡಿ ಅನ್ನುತ್ತಾರೆ. ಯಾರೂ ಹೆಚ್ಚು ಕೇಳದ ಹಳೇ ಸಾಮಾನನ್ನು ಎಲ್ಲ ಕನ್ನಡಿಗಳಲ್ಲೂ ಇಟ್ಟುಕೊಂಡರೆ ಹೊಸದಕ್ಕೆ ಜಾಗ ಸಾಲದು. ಹಾಗಾಗಿ ಅವಧಿ ಮುಗಿದ ಆವೃತ್ತಿಯನ್ನು ಅಲ್ಲಿಂದ ತೆಗೆದು ಹಳೇ ದಾಖಲೆಗಳ ಗೋದಾಮಿಗೆ ಸಾಗಿಸುತ್ತಾರೆ. ಗಮನಿಸಿ, ಸಾಗಿಸುತ್ತಾರೆ, ಸುಡುವುದಿಲ್ಲ. ನಿಮ್ಮ ಕಂಪ್ಯೂಟರಿಗೆ ಈ ಸುದ್ದಿ ಯಾರೂ ಹೇಳಿರುವುದಿಲ್ಲ. ಅದು ಹಳೇ ಜಾಗಕ್ಕೇ ಹೋಗುತ್ತದೆ, "404" ಅಂತ ವಾಪಸ್ ಬರುತ್ತದೆ.

ವಿಳಾಸ ಬದಲಿಸುವ ಕ್ರಮ

ಉಗ್ರಾಣದ ವಿಳಾಸ ಇರುವುದು ಒಂದು ಸಣ್ಣ ಪಠ್ಯ ಕಡತದಲ್ಲಿ. 'ಇಟಿಸಿ' ಎಂಬ ಫೋಲ್ಡರಿನೊಳಗೆ 'ಆಪ್ಟ್' ಎಂಬ ಫೋಲ್ಡರು, ಅದರೊಳಗೆ 'ಸೋರ್ಸಸ್ ಡಾಟ್ ಲಿಸ್ಟ್'. ಇದನ್ನು ಬದಲಿಸಲು ಕಂಪ್ಯೂಟರಿನ ಮೇಲ್ವಿಚಾರಕರ ಪಾಸ್‌ವರ್ಡ್ ಬೇಕು. ಶಾಲೆಯದ್ದಾದರೆ ಟೀಚರನ್ನೋ ಮಾಷ್ಟ್ರನ್ನೋ ಕೇಳಿ, ಅವರ ಎದುರಲ್ಲೇ ಮಾಡಿ. ಇಲ್ಲಿ ಕನ್ನಡದಲ್ಲಿ ಬರೆದ ವಿಳಾಸಗಳನ್ನು ಕೀಲಿಮಣೆಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಬೇಕು. ಡಾಟ್ ಅಂದರೆ ಚುಕ್ಕೆ.

1. ಮೊದಲು ಆ ಕಡತದ ಒಂದು ನಕಲು ಮಾಡಿಡಿ. ಏನಾದರೂ ಎಡವಟ್ಟಾದರೆ ಹಿಂದಿನದನ್ನು ಮರಳಿ ಇಡಬಹುದು.

2. ಕಡತ ತೆರೆದಾಗ 'ಡೆಬ್' ಎಂದು ಶುರುವಾಗುವ ಕೆಲವು ಸಾಲುಗಳು ಕಾಣುತ್ತವೆ. ಅದರಲ್ಲಿ 'ಡೆಬ್ ಡಾಟ್ ಡೆಬಿಯನ್ ಡಾಟ್ ಆರ್ಗ್' ಎಂದಿರುವಲ್ಲಿ 'ಆರ್ಕೈವ್ ಡಾಟ್ ಡೆಬಿಯನ್ ಡಾಟ್ ಆರ್ಗ್' ಎಂದು ಬರೆಯಿರಿ. 'ಸೆಕ್ಯೂರಿಟಿ ಡಾಟ್ ಡೆಬಿಯನ್ ಡಾಟ್ ಆರ್ಗ್' ಎಂದಿರುವಲ್ಲೂ ಹೀಗೆಯೇ. ಅದರ ಮುಂದೆ ಇರುವ ಉಳಿದ ಭಾಗವನ್ನು ಹಾಗೇ ಬಿಡಿ.

3. 'ಬಸ್ಟರ್' ಎಂಬ ಹೆಸರನ್ನು ಮಾತ್ರ ಮುಟ್ಟಬೇಡಿ. ಅಲ್ಲಿ ಹೊಸ ಆವೃತ್ತಿಯ ಹೆಸರು ಬರೆದು ಬೇಕಾದ ಒಂದೇ ಒಂದು ಪ್ರೋಗ್ರಾಂ ತರಿಸೋಣ ಅಂತ ಆಸೆ ಆಗಬಹುದು. ಹಾಗೆ ಮಾಡಿದರೆ ಅರ್ಧ ಹಳೇದು, ಅರ್ಧ ಹೊಸದು ಸೇರಿ ಕೊನೆಗೆ ಯಾವುದೂ ಸರಿಯಾಗಿ ನಡೆಯದ ಸ್ಥಿತಿ ಬರುತ್ತದೆ.

4. ಉಳಿಸಿ, ಟರ್ಮಿನಲ್‌ನಲ್ಲಿ 'ಆಪ್ಟ್-ಗೆಟ್ ಅಪ್‌ಡೇಟ್' ಆದೇಶ ಕೊಡಿ. ಇನ್ನೂ ಯಾವುದಾದರೂ ಒಂದು ಸಾಲಿಗೆ 404 ಬಂದರೆ ಆ ಸಾಲಿನ ಮೊದಲಿಗೆ ಹ್ಯಾಶ್ ಚಿಹ್ನೆ (#) ಹಾಕಿ. ಆಗ ಕಂಪ್ಯೂಟರ್ ಆ ಸಾಲನ್ನು ಓದದೆ ಮುಂದೆ ಹೋಗುತ್ತದೆ.

ಉಬುಂಟುವಿನದೂ ಇಂಥದ್ದೇ ಗೋದಾಮು ಇದೆ, 'ಓಲ್ಡ್-ರಿಲೀಸಸ್ ಡಾಟ್ ಉಬುಂಟು ಡಾಟ್ ಕಾಮ್'. ಆದರೆ ಉಬುಂಟುವಿನ ದೀರ್ಘಾವಧಿ ಆವೃತ್ತಿಗಳು ಹಳೇ ಜಾಗದಲ್ಲೇ ಇನ್ನೂ ಕೆಲವು ವರ್ಷ ಇರುವುದುಂಟು. ಹಾಗಾಗಿ 404 ಬಾರದೆ ವಿಳಾಸ ಬದಲಿಸಲು ಹೋಗಬೇಡಿ.

ಮುದ್ರೆ ಬೇರೆ, ತಾರೀಕು ಬೇರೆ

ವಿಳಾಸ ಸರಿ ಇದ್ದರೂ ಕೆಲವೊಮ್ಮೆ ಆಪ್ಟ್ ಇನ್ನೊಂದು ತಕರಾರು ತೆಗೆಯುತ್ತದೆ: "ಈ ಪಟ್ಟಿಯ ಅವಧಿ ಮುಗಿದಿದೆ". ಇಲ್ಲಿ ಸ್ವಲ್ಪ ವಿಜ್ಞಾನ ಇದೆ, ನಿಧಾನಕ್ಕೆ ನೋಡೋಣ.

ಉಗ್ರಾಣದಿಂದ ಬಂದ ಕಟ್ಟು ಅಸಲಿಯೋ, ದಾರಿಯಲ್ಲಿ ಯಾರಾದರೂ ಬದಲಿಸಿದ್ದೋ ಅಂತ ಗೊತ್ತಾಗುವುದು ಹೇಗೆ? ಪ್ರತಿ ಕಟ್ಟಿಗೂ ಒಂದು 'ಬೆರಳಚ್ಚು' ಇರುತ್ತದೆ. 'ಶಾ-256' ಎಂಬ ಲೆಕ್ಕಾಚಾರದಿಂದ ಬರುವ 64 ಅಕ್ಷರ-ಅಂಕಿಗಳ ಸಾಲು ಅದು. ಕಡತದಲ್ಲಿ ಒಂದೇ ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಗುರುತೇ ಸಿಗದಂತೆ ಬದಲಾಗುತ್ತದೆ. ಕಟ್ಟುಗಳ ಬೆರಳಚ್ಚುಗಳೆಲ್ಲ ಒಂದು ಪಟ್ಟಿಯಲ್ಲಿ, ಆ ಪಟ್ಟಿಯ ಬೆರಳಚ್ಚು 'ರಿಲೀಸ್' ಎಂಬ ಇನ್ನೊಂದು ಕಡತದಲ್ಲಿ. ಆ ರಿಲೀಸ್ ಕಡತಕ್ಕೆ ಡೆಬಿಯನ್‌ನವರ ಡಿಜಿಟಲ್ ಸಹಿ. ಸಹಿಯನ್ನು ಪರೀಕ್ಷಿಸುವ ಕೀಲಿ ನಿಮ್ಮ ಕಂಪ್ಯೂಟರಿನಲ್ಲಿ ಮೊದಲಿನಿಂದಲೇ ಇರುತ್ತದೆ. ಹೀಗೆ ಸರಪಳಿಯ ಒಂದು ಕೊಂಡಿ ಇನ್ನೊಂದನ್ನು ಹಿಡಿದುಕೊಂಡಿದೆ.

ಕೆಲವು ರಿಲೀಸ್ ಕಡತಗಳಲ್ಲಿ "ಇಂಥ ದಿನದವರೆಗೆ ಮಾತ್ರ" ಎಂಬ ತಾರೀಕೂ ಇರುತ್ತದೆ. ಯಾಕೆ? ಕೆಟ್ಟವನೊಬ್ಬ ಕಳೆದ ವರ್ಷದ ಪಟ್ಟಿಯನ್ನೇ ನಿಮಗೆ ಮತ್ತೆ ಮತ್ತೆ ಕೊಡುತ್ತಾ ಇದ್ದ ಅಂತ ಊಹಿಸಿ. ಸಹಿ ಅಸಲಿಯೇ, ಆದರೆ ಹೊಸ ತೇಪೆಗಳು ಬಂದದ್ದೇ ನಿಮಗೆ ತಿಳಿಯುವುದಿಲ್ಲ. ಆ ಮೋಸ ನಡೆಯದಿರಲಿ ಅಂತ ತಾರೀಕು. ಗೋದಾಮಿಗೆ ಹೋದ ಆವೃತ್ತಿಗೆ ಹೇಗೂ ಹೊಸ ತೇಪೆ ಬರುವುದಿಲ್ಲ. ಹಾಗಾಗಿ ಅಲ್ಲಿ ಈ ತಾರೀಕಿಗೆ ಅರ್ಥ ಉಳಿದಿಲ್ಲ. 'ಚೆಕ್-ವ್ಯಾಲಿಡ್-ಅಂಟಿಲ್' ಎಂಬ ಆಯ್ಕೆಯನ್ನು 'ಫಾಲ್ಸ್' ಅಂತ ಇಟ್ಟರೆ ಆಪ್ಟ್ ತಾರೀಕು ನೋಡುವುದನ್ನು ಬಿಡುತ್ತದೆ.

ಆದರೆ ಸಹಿ ನೋಡುವುದನ್ನು ಮಾತ್ರ ನಿಲ್ಲಿಸಬೇಡಿ. ಎಷ್ಟೋ ಕಡೆ "ಈ ಒಂದು ಸಾಲು ಹಾಕಿ, ಎಲ್ಲ ತಕರಾರು ಹೋಗುತ್ತೆ" ಅಂತ ಸಲಹೆ ಸಿಗುತ್ತದೆ. ಆ ಸಾಲು ಹಲವು ಸಲ ಸಹಿಯ ಪರೀಕ್ಷೆಯನ್ನೇ ತೆಗೆದುಹಾಕುವಂಥದ್ದು. ತಾರೀಕು ಕಳೆದ ಔಷಧದ ಬಾಟಲಿಗೂ ಹೆಸರೇ ಬರೆಯದ ಬಾಟಲಿಗೂ ವ್ಯತ್ಯಾಸ ಇದೆಯಲ್ಲ, ಹಾಗೆ. ಸಹಿಯ ಕೀಲಿಗಳಿಗೂ ಒಂದು ಆಯುಷ್ಯ ಇದೆ. ಅದು ಮುಗಿದ ಮೇಲೆ ಕೆಲಸ ಇನ್ನೂ ಕಷ್ಟ. ಅದಕ್ಕೇ ಬೇಕಾದ ಕಟ್ಟುಗಳನ್ನು ಈಗಲೇ ತಂದು ಇಟ್ಟುಕೊಳ್ಳುವುದು ಒಳ್ಳೆಯದು.

ಒಬ್ಬರು ತಂದದ್ದು ಹತ್ತು ಮಂದಿಗೆ

ನಿಮ್ಮ ಶಾಲೆಯಲ್ಲಿ ಒಂದೇ ತರಹದ ಹತ್ತು ಕಂಪ್ಯೂಟರ್ ಇದ್ದರೆ ಹತ್ತರಲ್ಲೂ ಡೌನ್‌ಲೋಡ್ ಮಾಡಬೇಕಾಗಿಲ್ಲ. ತಂದ ಕಟ್ಟುಗಳನ್ನು ಕಂಪ್ಯೂಟರ್ 'ವಾರ್' ಫೋಲ್ಡರಿನೊಳಗಿನ 'ಕ್ಯಾಶ್', ಅದರೊಳಗಿನ 'ಆಪ್ಟ್', ಅದರೊಳಗಿನ 'ಆರ್ಕೈವ್ಸ್' ಎಂಬಲ್ಲಿ ಇಡುತ್ತದೆ. ಒಂದು ಸೂಕ್ಷ್ಮ ಇದೆ: 'ಆಪ್ಟ್' ಆದೇಶ ಕೊಟ್ಟರೆ ಅನುಸ್ಥಾಪನೆ ಮುಗಿದ ಕೂಡಲೇ ಆ ಕಟ್ಟುಗಳನ್ನು ಅಳಿಸಿಬಿಡುತ್ತದೆ, 'ಆಪ್ಟ್-ಗೆಟ್' ಆದೇಶ ಕೊಟ್ಟರೆ ಹಾಗೇ ಉಳಿಸುತ್ತದೆ. ಹಾಗಾಗಿ ಈ ಕೆಲಸಕ್ಕೆ ಆಪ್ಟ್-ಗೆಟ್ ಬಳಸಿ. ಕಟ್ಟುಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿ, ಉಳಿದ ಕಂಪ್ಯೂಟರುಗಳ ಅದೇ ಫೋಲ್ಡರಿಗೆ ಹಾಕಿ. ಪ್ಯಾಕೇಜುಗಳ ಪಟ್ಟಿಯೂ ಅವುಗಳಲ್ಲಿ ಒಂದು ಸಲ ನವೀಕರಣ ಆಗಿರಬೇಕು. ಆಮೇಲೆ ಅನುಸ್ಥಾಪನೆಗೆ ಆದೇಶ ಕೊಟ್ಟರೆ ಮನೆಯಲ್ಲೇ ಇರುವ ಸಾಮಾನನ್ನು ಅವು ಪೇಟೆಯಿಂದ ತರಲು ಹೋಗುವುದಿಲ್ಲ.

ಗಡಿಯಾಚೆ ಇರುವ ನಮ್ಮ ಶಾಲೆಗಳಿಗೆ ಇದರಲ್ಲಿ ವಿಶೇಷ ಪ್ರಯೋಜನ ಇದೆ. ಹೊಸದಾಗಿ ಹಾಕಿದ ಕಂಪ್ಯೂಟರಿನಲ್ಲಿ ಮಲಯಾಳಂ, ತಮಿಳು, ಮರಾಠಿ ಅಥವಾ ತೆಲುಗು ಟೈಪಿಂಗ್ ಸಿದ್ಧವಾಗಿದ್ದು ಕನ್ನಡದ್ದನ್ನು ನಾವೇ ಹಾಕಿಕೊಳ್ಳಬೇಕಾಗಿ ಬರಬಹುದು. 'ಲೋಹಿತ್ ಕನ್ನಡ' ಮತ್ತು 'ನವಿಲು' ಅಕ್ಷರಶೈಲಿಗಳು, ಕನ್ನಡ ಟೈಪಿಂಗಿಗೆ 'ಐಬಸ್' ಮತ್ತು ಅದರ ಕೆಜಿಪಿ ಅಥವಾ ಇನ್‌ಸ್ಕ್ರಿಪ್ಟ್ ಕೀಲಿವಿನ್ಯಾಸ, ಇವುಗಳ ಕಟ್ಟುಗಳು ಒಂದು ಪೆನ್ ಡ್ರೈವಿನಲ್ಲಿ ಇದ್ದರೆ ಇಂಟರ್ನೆಟ್ ಇಲ್ಲದ ದಿನವೂ ಕೆಲಸ ಆಗುತ್ತದೆ. ಇವು ಯಾವುವೂ ನಡೆಯಲು ನೆಟ್ ಕೇಳುವುದಿಲ್ಲ.

ಮರಳಿ ಬಾರದೇ ಇರುವುದು ಯಾವುದು?

ಈಗ ಎರಡನೇ ಪ್ರಶ್ನೆ. ಗೋದಾಮಿನಿಂದ ಸಿಗುವುದು ಬಾಗಿಲು ಮುಚ್ಚಿದ ದಿನದವರೆಗಿನ ಸಾಮಾನು ಮಾತ್ರ. ಆಮೇಲೆ ಕಂಡುಬಂದ ಕಳ್ಳದಾರಿಗಳು ತೆರೆದೇ ಇರುತ್ತವೆ. ಅಷ್ಟೇ ಅಲ್ಲ, ತೇಪೆ ಹಾಕಿದವರು ಎಲ್ಲಿ ಹಾಕಿದೆವು ಅಂತ ಎಲ್ಲರಿಗೂ ಕಾಣುವಂತೆ ಬರೆದಿಡುತ್ತಾರೆ. ಕಳ್ಳರೂ ಅದನ್ನು ಓದುತ್ತಾರೆ.

ಎಲ್ಲಕ್ಕಿಂತ ಮೊದಲು ಸೋಲುವುದು ಬ್ರೌಸರ್. ಯಾವ ಜಾಲತಾಣದಿಂದ ಏನು ಬರುತ್ತದೋ ಅದನ್ನೆಲ್ಲ ತೆರೆದು ನೋಡುವುದೇ ಅದರ ಕೆಲಸ, ಹಾಗಾಗಿ ಅದಕ್ಕೇ ಹೆಚ್ಚು ಪೆಟ್ಟು. 32 ಬಿಟ್ ಲಿನಕ್ಸಿಗೆ ಗೂಗಲ್ ಕ್ರೋಮ್ ಬರುವುದು 2016ರಲ್ಲೇ ನಿಂತಿತು. ಫೈರ್‌ಫಾಕ್ಸ್ ಕೂಡ 145ನೇ ಆವೃತ್ತಿಯಿಂದ ನಿಂತಿದೆ.

ಜಾಲತಾಣಗಳ ಗುರುತಿನ ಚೀಟಿಗಳಲ್ಲೂ ಇದೇ ತೊಂದರೆ. ಬ್ರೌಸರಿನ ಬೀಗದ ಗುರುತು ನಂಬುವುದು ಕಂಪ್ಯೂಟರಿನೊಳಗೆ ಇರುವ ಕೆಲವು 'ಮೂಲ ಪ್ರಮಾಣಪತ್ರ'ಗಳನ್ನು. ಅವುಗಳಿಗೂ ಅವಧಿ ಇದೆ. 2021ರ ಸೆಪ್ಟೆಂಬರ್ 30ರಂದು ಬಹಳ ಬಳಕೆಯಲ್ಲಿದ್ದ ಅಂಥ ಒಂದು ಪತ್ರದ ಅವಧಿ ಮುಗಿದಾಗ ಎಷ್ಟೋ ಹಳೇ ಕಂಪ್ಯೂಟರು, ಫೋನುಗಳಲ್ಲಿ ನಿನ್ನೆವರೆಗೆ ತೆರೆಯುತ್ತಿದ್ದ ತಾಣಗಳು ತೆರೆಯಲಿಲ್ಲ.

ಇಲ್ಲಿ ಒಂದು ಸುಲಭದ ಸಂಗತಿಯನ್ನು ಮೊದಲು ನೋಡಿ. ಹಳೇ ಕಂಪ್ಯೂಟರಿನ ಗಡಿಯಾರ ಸರಿ ಇದೆಯೇ? ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಹೆಚ್ಚಾಗಿ 'ಸಿಆರ್ 2032'. ಅದು ಸತ್ತುಹೋದರೆ ಕರೆಂಟು ಹೋದಾಗಲೆಲ್ಲ ತಾರೀಕು ಹಿಂದಕ್ಕೆ ಓಡುತ್ತದೆ. ಕಂಪ್ಯೂಟರ್ 2009ರಲ್ಲಿ ಇದ್ದೇನೆ ಅಂದುಕೊಂಡರೆ ಇವತ್ತಿನ ಪ್ರಮಾಣಪತ್ರ ಅದಕ್ಕೆ ಇನ್ನೂ ಹುಟ್ಟೇ ಇಲ್ಲ! ಎಲ್ಲ ತಾಣಗಳೂ "ಸುರಕ್ಷಿತವಲ್ಲ" ಅನ್ನುತ್ತವೆ. ಅಂಗಡಿಯಿಂದ ಸೆಲ್ ತಂದು ಹಾಕಿದರೆ ಇದು ಸರಿ.

ಯಾವ ಕಂಪ್ಯೂಟರಿಗೆ ಯಾವ ಕೆಲಸ?

ಗುಜರಿಗೆ ಹಾಕುವ ಮೊದಲು 'ಎಲ್‌ಎಸ್‌ಸಿಪಿಯು' ಎಂಬ ಆದೇಶ ಕೊಟ್ಟು ನೋಡಿ. ಪ್ರೊಸೆಸರ್ ಬಗ್ಗೆ ಬರುವ ವಿವರದಲ್ಲಿ "32 ಬಿಟ್, 64 ಬಿಟ್" ಎರಡೂ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಎಷ್ಟೋ ಕಡೆ 64 ಬಿಟ್ ಕಂಪ್ಯೂಟರಿಗೇ 32 ಬಿಟ್ ಲಿನಕ್ಸ್ ಹಾಕಿರುತ್ತಾರೆ. ಕೋರ್ 2 ಡ್ಯುಯೋ ಪ್ರೊಸೆಸರ್ ಇದ್ದರೆ ಅದು 64 ಬಿಟ್‌ನದೇ. ಇಂಥದ್ದಕ್ಕೆ 2 ಜಿಬಿ ಮೆಮೊರಿ ಇದ್ದರೆ 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ನ್ನು ಹಗುರ ಡೆಸ್ಕ್‌ಟಾಪ್ ಜೊತೆ ಹಾಕಬಹುದು. ಆಗ ಉಗ್ರಾಣವೂ ತೆರೆದಿದೆ, ತೇಪೆಯೂ ಬರುತ್ತದೆ. ಹಳೇ ವಿಳಾಸದ ಚಿಂತೆಯೇ ಬೇಡ.

ಬರೀ 32 ಬಿಟ್ ಆಗಿದ್ದರೆ ಡೆಬಿಯನ್ 13ನ್ನು ಅದರ ಮೇಲೆ ಹೊಸದಾಗಿ ಹಾಕಲು ಆಗುವುದಿಲ್ಲ. ಡೆಬಿಯನ್ 12 ಹಾಕಬಹುದು, ಅದರ ದೀರ್ಘಾವಧಿ ಆರೈಕೆ 2028ರ ಜೂನ್ 30ರವರೆಗೆ ಇದೆ. ಅದರ ಮೇಲೆ ಕಟ್ಟಿದ 'ಆಂಟಿಎಕ್ಸ್ 23' ಇನ್ನೂ ಹಗುರ.

ಅದೂ ಓಡದಷ್ಟು ಹಳೇದಾದರೆ ಬಸ್ಟರನ್ನೇ ಉಳಿಸಿಕೊಳ್ಳಿ. ಗೋದಾಮಿನಿಂದ ಬೇಕಾದ್ದನ್ನೆಲ್ಲ ತಂದು ಹಾಕಿ, ಆಮೇಲೆ ನೆಟ್ ಕೇಬಲ್ ಕಿತ್ತುಬಿಡಿ. ಕನ್ನಡ ಟೈಪಿಂಗ್ ಕಲಿಯಲು, ಶಾಲಾ ಪತ್ರಿಕೆ ಬರೆಯಲು, ಚಿಕ್ಕ ತರಗತಿಯ ಮಕ್ಕಳಿಗೆ 'ಟಕ್ಸ್ ಪೇಂಟ್' ಮತ್ತು 'ಜಿಕಾಂಪ್ರಿ' ಆಡಲು, ಪೈಥಾನ್ ಪ್ರೋಗ್ರಾಂ ಬರೆಯಲು ಅದು ಧಾರಾಳ ಸಾಕು. ಆದರೆ ಬ್ಯಾಂಕು, ಮೇಲ್, ಸ್ಕಾಲರ್‌ಶಿಪ್ ಅರ್ಜಿ, ಆಧಾರ್ ಸಂಖ್ಯೆ, ಯಾವುದೇ ಪಾಸ್‌ವರ್ಡ್, ಇವು ಯಾವುವೂ ಅದರಲ್ಲಿ ಬೇಡವೇ ಬೇಡ. ಹೊರಗಿನ ಪೆನ್ ಡ್ರೈವ್ ಚುಚ್ಚುವಾಗಲೂ ಟೀಚರಿಗೆ ಹೇಳಿ.

ಮಾಡಿ ನೋಡಿ

• ಒಂದು ಪಠ್ಯ ಕಡತದಲ್ಲಿ ನಿಮ್ಮ ಊರಿನ ಹೆಸರು ಬರೆದು ಉಳಿಸಿ. 'ಶಾ256ಸಮ್' ಆದೇಶದಿಂದ ಅದರ ಬೆರಳಚ್ಚು ತೆಗೆದು ಬರೆದುಕೊಳ್ಳಿ. ಒಂದು ಚುಕ್ಕೆ ಸೇರಿಸಿ ಮತ್ತೆ ತೆಗೆಯಿರಿ. 64 ಸ್ಥಾನಗಳಲ್ಲಿ ಎಷ್ಟು ಹಾಗೇ ಉಳಿದವು?

• ಹಳೇ 32 ಬಿಟ್ ವ್ಯವಸ್ಥೆಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆಯಿತು ಅಂತ ಎಣಿಸುತ್ತವೆ. ಅವು ಎಣಿಸಬಲ್ಲ ಅತಿ ದೊಡ್ಡ ಸಂಖ್ಯೆ 2,14,74,83,647. ಇದನ್ನು ವರ್ಷ, ದಿನ, ಗಂಟೆಗಳಾಗಿ ಬದಲಿಸಿ. ಭಾರತದ ಸಮಯದಲ್ಲಿ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು ಬರುತ್ತದೆಯೇ ನೋಡಿ. ಲೀಪ್ ವರ್ಷಗಳನ್ನು ಮರೆಯಬೇಡಿ!

• ನಿಮ್ಮ ಶಾಲೆಯ ಪ್ರತಿ ಕಂಪ್ಯೂಟರಿಗೂ ಒಂದು ಚೀಟಿ ಬರೆದು ಅಂಟಿಸಿ: ಯಾವ ಲಿನಕ್ಸ್, ಯಾವ ಆವೃತ್ತಿ, 32 ಬಿಟ್ಟೋ 64 ಬಿಟ್ಟೋ, ಆರೈಕೆ ಯಾವ ತಿಂಗಳಿಗೆ ಮುಗಿಯುತ್ತದೆ. ಅವಧಿ ಮುಗಿದವುಗಳ ಮೇಲೆ ಕೆಂಪು ಶಾಯಿಯಲ್ಲಿ "ನೆಟ್ ಬೇಡ" ಅಂತ ಬರೆಯಿರಿ.

ಈ ಚೀಟಿಗಳು ಇದ್ದರೆ ಮುಂದಿನ ವರ್ಷ ನಿಮ್ಮ ಜಾಗಕ್ಕೆ ಬರುವ ತಂಗಿ-ತಮ್ಮಂದಿರಿಗೆ ಯಾವುದನ್ನು ಯಾವ ಕೆಲಸಕ್ಕೆ ಬಳಸಬೇಕು ಅಂತ ಕೇಳುವ ಅಗತ್ಯವೇ ಬರುವುದಿಲ್ಲ.